ಮಂಚಕ್ಕೆ ವಿಮೆ ಐತೆ, ಕುರ್ಚಿಗೆ ಇಲ್ಲ

ದಾವಣಗೆರೆಯ ಖಾಸಗಿ ಆಸ್ಪತ್ರೆಯೊಂದರ ವಿಮಾ ಕೌಂಟರಿನಲ್ಲಿ ಕೂತಿದ್ದ ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: "ಅಡ್ಮಿಟ್ ಆಗಿದ್ರಾ?" ಇಲ್ಲಮ್ಮ, ಮಾನಸಿಕ ಚಿಕಿತ್ಸೆಗೆ ವಾರಕ್ಕೊಂದು ಸಲ ಹೋಗಿ ಬರ್ತಾರೆ ಅಂದೆ. ನಾನು ಜೋಡಿಸಿಕೊಂಡು ತಂದಿದ್ದ ಫೈಲನ್ನು ಆಕೆ ಬಿಚ್ಚಲೂ ಇಲ್ಲ. "ಹಂಗಾದ್ರೆ ಬರಲ್ಲ ಸಾರ್. ಒಂದು ದಿನನಾದ್ರೂ ಬೆಡ್ ಮೇಲೆ ಇರಬೇಕು." ಪಕ್ಕದಲ್ಲಿ ನಿಂತಿದ್ದ ನಮ್ಮ ಭಾವ ಅಷ್ಟು ಹೊತ್ತಿಗೆ ಬಾಗಿಲ ಕಡೆ ನಡೆದಾಗಿತ್ತು. ದುಡ್ಡು ಬರುತ್ತದೋ ಇಲ್ಲವೋ ಎಂಬ ಚಿಂತೆ ಅವರಿಗಿರಲಿಲ್ಲ. ಪರಿಚಯದವರು ಯಾರಾದರೂ ತನ್ನನ್ನು ಇಲ್ಲಿ ನೋಡಿಬಿಟ್ಟರೆ ಎಂಬುದೇ ಚಿಂತೆ.

ಆ ಹುಡುಗಿಯದು ತಪ್ಪಿಲ್ಲ. ಪಾಲಿಸಿಯಲ್ಲಿ ಬರೆದದ್ದನ್ನೇ ಹೇಳಿದಳು. ನನಗೆ ಕಸಿವಿಸಿಯಾದದ್ದು ಯಾಕೆಂದರೆ ಅಂಥದೇ ಕೌಂಟರಿನ ಆಚೆ ಬದಿಯಲ್ಲಿ ಕೂತು ಹನ್ನೊಂದು ವರ್ಷ ಅನ್ನ ತಿಂದವನು ನಾನು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಎಂಬ ಊರಿನಲ್ಲಿ ಮಾನಸಿಕ ಚಿಕಿತ್ಸೆಯ ಒಂದು ಸಣ್ಣ ಕ್ಲಿನಿಕ್ಕಿದೆ. ಐದು ಜನ ಥೆರಪಿಸ್ಟರು, ವಾರಕ್ಕೆರಡು ದಿನ ಬರುವ ಒಬ್ಬ ಮನೋವೈದ್ಯೆ, ಫೋನೆತ್ತಲು ಒಬ್ಬಾಕೆ, ಬಿಲ್ ಕಳಿಸಲು ನಾನು. ಅವರು ಜನರ ಮಾತು ಕೇಳುತ್ತಾರೆ, ಕೇಳಿದ್ದಕ್ಕೆ ವಿಮಾ ಕಂಪನಿಗಳಿಂದ ದುಡ್ಡು ವಸೂಲು ಮಾಡುವುದು ನನ್ನ ಪಾಲಿನ ಕೆಲಸ. ನಮ್ಮಪ್ಪ ದಾವಣಗೆರೆ ಮಂಡಿಯಲ್ಲಿ ಚೀಟಿ ಬರೆಯುತ್ತಿದ್ದರು. ನಾನು ಬರೆಯುವುದೂ ಚೀಟಿಯೇ, ಸರಕು ಬೇರೆ ಅಷ್ಟೆ.

ಕಳೆದ ಶ್ರಾವಣದ ಹೊತ್ತಿಗೆ ಅಕ್ಕ ಫೋನ್ ಮಾಡಿದ್ದಳು. "ನಿಮ್ ಭಾವ ಅಂಗಡಿಗೆ ಹೋಗಿ ಹದಿನೆಂಟು ದಿನ ಆತು ನೋಡಪ. ಬೆಳಗ್ಗೆ ಸ್ನಾನ ಮಾಡಿ, ಅಂಗಿ ಹಾಕ್ಕೊಂಡು, ಚಪ್ಪಲಿ ಹತ್ರ ಬಂದು ನಿಂತ್ಕೊಂಡುಬಿಡ್ತಾರೆ. ಆಮೇಲೆ ಒಳಗ್ ಬಂದು ಮಲಗ್ತಾರೆ." ಭಾವನದು ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ. ಮೂವತ್ತು ವರ್ಷ ಬಾಯಿಲೆಕ್ಕದಲ್ಲಿ ಒಂದು ಚೀಲ ತಪ್ಪದ ಮನುಷ್ಯ. ಮೊದಲು ಗ್ಯಾಸ್ಟ್ರಿಕ್ ಇರಬೇಕು ಅಂತ ಎಂಡೋಸ್ಕೋಪಿ ಆಯಿತು, ಹೊಟ್ಟೆಯಲ್ಲಿ ಏನೂ ಸಿಗಲಿಲ್ಲ. ಆಮೇಲೆ ಬಿ12 ಕಡಿಮೆ ಅಂತ ಸೂಜಿ. ಅದೂ ಆದ ಮೇಲೆ ಅಮಾವಾಸ್ಯೆಗೆ ಉಕ್ಕಡಗಾತ್ರಿ.

ಉಕ್ಕಡಗಾತ್ರಿಗೆ ಕರೆದೊಯ್ದರೆಂದು ನಾನು ನಗಲಾರೆ. ತುಂಗಭದ್ರೆಯ ದಡದ ಆ ಅಜ್ಜಯ್ಯನ ಸನ್ನಿಧಿಗೆ ದೆವ್ವ ಬಿಡಿಸಿಕೊಳ್ಳಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಚಿಕ್ಕವನಿದ್ದಾಗ ಅಜ್ಜಿಯ ಜೊತೆ ಹೋಗಿ ಹೆದರಿ ಅತ್ತಿದ್ದೇನೆ. ಈಗ ಯೋಚಿಸಿದರೆ ಒಂದು ಹೊಳೆಯುತ್ತದೆ: ಅಲ್ಲಿ ಗಟ್ಟಿಯಾಗಿ ಅಳುವುದಕ್ಕೆ ಯಾರ ಅಪ್ಪಣೆಯೂ ಬೇಡ, ಯಾವ ಕೌಂಟರೂ ಇಲ್ಲ, ಅಡ್ಮಿಟ್ ಆಗಿದ್ರಾ ಅಂತ ಯಾರೂ ಕೇಳುವುದಿಲ್ಲ. ಆದರೆ ಭಾವನ ಕಾಯಿಲೆ ಅಲ್ಲಿ ಇಳಿಯುವಂಥದ್ದಾಗಿರಲಿಲ್ಲ. ಕೊನೆಗೆ ಒಬ್ಬ ಮನೋವೈದ್ಯರು ಖಿನ್ನತೆ ಎಂದು ಹೆಸರಿಟ್ಟು ಮಾತ್ರೆ ಶುರು ಮಾಡಿದರು. ಮಾತ್ರೆ ಅರ್ಧ ಕೆಲಸ ಮಾಡುತ್ತದೆ, ಉಳಿದರ್ಧಕ್ಕೆ ಸೈಕಾಲಜಿಸ್ಟ್ ಹತ್ತಿರ ಹೋಗಿ ಎಂದರು.

ಹೀಗೆ ವಿದ್ಯಾನಗರದ ಕಡೆಯ ಒಂದು ಮಹಡಿಯ ಮೇಲಿನ ಸಣ್ಣ ಕೋಣೆ, ಎರಡು ಕುರ್ಚಿ, ಒಬ್ಬ ಮೇಡಂ. ಮುಕ್ಕಾಲು ಗಂಟೆಗೆ 700 ರೂಪಾಯಿ. ವಾರಕ್ಕೊಂದು ಸಲವೆಂದರೆ ತಿಂಗಳಿಗೆ ಮೂರು ಸಾವಿರದ ಸುಮಾರು, ಮಾತ್ರೆಗೂ ಡಾಕ್ಟರ ಫೀಸಿಗೂ ಇನ್ನೆರಡು ಸಾವಿರ. ಭಾವನ ಅಂಗಡಿಗೆ ಇದು ಹೊರಲಾರದ ಭಾರವಲ್ಲ. ಆದರೆ ಅವರ ಅಂಗಡಿಯ ಹಮಾಲನಿಗೆ ಇದೇ ಕಾಯಿಲೆ ಬಂದಿದ್ದರೆ ಎರಡನೆಯ ವಾರಕ್ಕೇ ಕುರ್ಚಿ ಖಾಲಿಯಾಗುತ್ತಿತ್ತು.

ಭಾವ ಒಂಬತ್ತು ವರ್ಷದಿಂದ ತಪ್ಪದೆ ವಿಮೆ ಕಟ್ಟುತ್ತಿದ್ದಾರೆ, ಐದು ಲಕ್ಷದ ಫ್ಯಾಮಿಲಿ ಪಾಲಿಸಿ, ಒಂದು ಕ್ಲೇಮೂ ಇಲ್ಲ. ಅದಕ್ಕೇ ರಜೆಗೆ ಬಂದವನು ನಾನು ಫೈಲು ಹಿಡಿದು ಹೋದದ್ದು. ಕೌಂಟರಿನಿಂದ ಬರಿಗೈಯಲ್ಲಿ ಬಂದೆವು ಎಂದು ಕೇಳಿ ಏಜೆಂಟ್ ಮನೆಗೇ ಬಂದ. ಒಳ್ಳೆಯ ಮನುಷ್ಯ, ಅಕ್ಕ ಕೊಟ್ಟ ಮಂಡಕ್ಕಿ ತಿನ್ನುತ್ತ ದಾರಿಯನ್ನೂ ಹೇಳಿಕೊಟ್ಟ. "ಎರಡು ದಿನ ಅಡ್ಮಿಟ್ ಮಾಡ್ಸಿಬಿಡಿ ಸಾರ್. ಮೆಂಟಲ್ ಇಲ್‌ನೆಸ್ ಈಗ ಕವರ್ ಐತೆ. ಹಿಂದಿನ 30 ದಿನದ್ದು, ಡಿಸ್ಚಾರ್ಜ್ ಆದ ಮೇಲೆ 60 ದಿನದ್ದು, ಡಾಕ್ಟರ ಫೀಸು ಮಾತ್ರೆ ಎಲ್ಲ ಬರ್ತೈತೆ."

ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ, ನಮ್ಮಲ್ಲಿನ ಬಹಳಷ್ಟು ಪಾಲಿಸಿಗಳ ನಡೆ ಹಾಗೇ ಇದೆ. ಆದರೆ ಅದರ ಅರ್ಥವನ್ನು ಬಿಡಿಸಿ ನೋಡಿ. ನಡೆದಾಡುತ್ತಿರುವ, ಮನೆಯಲ್ಲಿ ಮಲಗಬಲ್ಲ ಒಬ್ಬನನ್ನು ಮಂಚದ ಮೇಲೆ ಮಲಗಿಸಿ ಇಪ್ಪತ್ತೋ ಮೂವತ್ತೋ ಸಾವಿರದ ಬಿಲ್ ಮಾಡಿದರೆ ಕಂಪನಿ ಕೊಡುತ್ತದೆ. ಅವನು ಮಂಚ ಹತ್ತದಂತೆ ಕಾಯುವ 700 ರೂಪಾಯಿಯ ಕುರ್ಚಿಗೆ ಕೊಡುವುದಿಲ್ಲ. ಭಾವನ ಉತ್ತರ ಚುಟುಕಾಗಿತ್ತು: "ನನ್ನನ್ನ ಆ ವಾರ್ಡಿಗೆ ಹಾಕಿದ ದಿನ ನಮ್ ಹುಡುಗಿ ಮದುವೆ ಮಾತು ಮುಗೀತು ಅಂತ ತಿಳ್ಕೊ."

ಕಾನೂನು ಏನು ಹೇಳುತ್ತದೆ ಎಂದು ಅಂದು ರಾತ್ರಿ ಭಾವನಿಗೆ ವಿವರಿಸಲು ಹೋಗಿ ನಾನೇ ಸಿಕ್ಕಿಕೊಂಡೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್ನಿನಲ್ಲಿ ನಾಲ್ಕನೆಯ ಉಪವಿಧಿ ಇದೆ. ದೇಹದ ಕಾಯಿಲೆಗೆ ಯಾವ ಆಧಾರದ ಮೇಲೆ ವಿಮೆ ಕೊಡುತ್ತೀರೋ ಅದೇ ಆಧಾರದ ಮೇಲೆ ಮನಸ್ಸಿನ ಕಾಯಿಲೆಗೂ ಕೊಡಬೇಕು ಎಂದು ಅದು ಪ್ರತಿ ವಿಮಾ ಕಂಪನಿಗೂ ಹೇಳುತ್ತದೆ. ಕಾಯ್ದೆ 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು, ಅದೇ ಆಗಸ್ಟಿನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಸುತ್ತೋಲೆ ಹೊರಡಿಸಿತು. ಕಂಪನಿಗಳು ಎಳೆದಾಡಿದವು. 2021ರಲ್ಲಿ ದೆಹಲಿ ಹೈಕೋರ್ಟ್ ಒಂದು ಪ್ರಕರಣದಲ್ಲಿ, ಕಾಯ್ದೆ ಜಾರಿಯಾದ ದಿನದಿಂದಲೇ ಇದು ನಿಮಗೆ ಅನ್ವಯ ಎಂದು ಹೇಳಬೇಕಾಯಿತು. 2022ರ ಅಕ್ಟೋಬರಿನಲ್ಲಿ ಪ್ರಾಧಿಕಾರ ಮತ್ತೆ ಸುತ್ತೋಲೆ ಕಳಿಸಿ ತಿಂಗಳ ಕೊನೆಯೊಳಗೆ ಎಲ್ಲ ಪಾಲಿಸಿಗಳಲ್ಲೂ ಸೇರಿಸಿ ಎಂದು ಗಡುವು ಕೊಟ್ಟಿತು. ಈಗ ಸೇರಿದೆ. ಏಜೆಂಟನ ಬಾಯಲ್ಲೂ ಸಲೀಸಾಗಿ ಬರುತ್ತದೆ.

ಹಾಗಾದರೆ ತೊಡಕು ಎಲ್ಲಿದೆ? "ಅದೇ ಆಧಾರ" ಎಂಬ ಮಾತಿನಲ್ಲೇ ಇದೆ. ನಮ್ಮ ವಿಮೆ ದೇಹದ ಕಾಯಿಲೆಯನ್ನು ಅಳೆಯುವುದೂ ಮಂಚದಿಂದಲೇ, ಇಪ್ಪತ್ತನಾಲ್ಕು ಗಂಟೆ ಒಳರೋಗಿಯಾಗಿರಬೇಕು. ಜ್ವರಕ್ಕೆ ಒಪಿಡಿಯಲ್ಲಿ ತೋರಿಸಿದರೂ ದುಡ್ಡಿಲ್ಲ, ಖಿನ್ನತೆಗೆ ತೋರಿಸಿದರೂ ಇಲ್ಲ. ಸಮಾನತೆ ಬಂತಲ್ಲ! ಆದರೆ ದೇಹದ ದೊಡ್ಡ ಖರ್ಚುಗಳೆಲ್ಲ ಮಂಚದ ಮೇಲೇ ಆಗುತ್ತವೆ: ಬೈಪಾಸು, ಹರ್ನಿಯಾ, ಮುರಿದ ಕಾಲು. ಮನಸ್ಸಿನ ಖರ್ಚು ಮಂಚದ ಮೇಲೆ ಆಗುವುದು ಅಪರೂಪ. ಅದು ತಿಂಗಳುಗಟ್ಟಲೆ, ಹನಿಹನಿಯಾಗಿ, ಎರಡು ಕುರ್ಚಿಗಳ ನಡುವೆ ಸೋರುತ್ತದೆ. ಉದ್ದನೆಯವನಿಗೂ ಗಿಡ್ಡನೆಯವನಿಗೂ ಒಂದೇ ಅಳತೆಯ ಅಂಗಿ ಹೊಲಿದು ಕೊಟ್ಟು, ನೋಡಿ ಇಬ್ಬರಿಗೂ ಸಮ ಅಂದ ಹಾಗೆ.

ಈ ಇಪ್ಪತ್ತನಾಲ್ಕು ಗಂಟೆಯ ನಿಯಮ ಕಲ್ಲಿನಲ್ಲಿ ಕೆತ್ತಿದ್ದೇನೂ ಅಲ್ಲ. ಕಣ್ಣಿನ ಪೊರೆ ತೆಗೆಸಲು ಹಿಂದೆ ದಿನಗಟ್ಟಲೆ ಆಸ್ಪತ್ರೆಯಲ್ಲಿ ಮಲಗಬೇಕಿತ್ತು. ಈಗ ಬೆಳಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತಾರೆ. ಚಿಕಿತ್ಸೆ ಬದಲಾದ ಕೂಡಲೇ ವಿಮೆಯೂ ಡೇ ಕೇರ್ ಎಂದು ಹೊಸ ಹೆಸರಿಟ್ಟು ಬಗ್ಗಿತು. ಡಯಾಲಿಸಿಸ್‌ಗೆ ಬಗ್ಗಿತು, ಕೀಮೋಗೆ ಬಗ್ಗಿತು. ಕಣ್ಣಿಗೆ, ಮೂತ್ರಪಿಂಡಕ್ಕೆ ಬಗ್ಗಿದ್ದು ಮನಸ್ಸಿಗೆ ಬಗ್ಗಲಾರದೇ? ಈಚೆಗೆ ಕೆಲವು ಪಾಲಿಸಿಗಳಲ್ಲಿ ಹೆಚ್ಚು ಕಂತು ಕಟ್ಟಿದರೆ ಒಪಿಡಿ ಸೇರಿಸಿಕೊಳ್ಳಬಹುದು ಎನ್ನುತ್ತಾರೆ, ಸರಿ. ಬೆಂಗಳೂರಿನ ಐಟಿ ನೌಕರನಿಗೆ ಅವನ ಕಂಪನಿಯೇ ಕೌನ್ಸೆಲಿಂಗ್ ಕೊಡಿಸುತ್ತದೆ, ಅದೂ ಸರಿ. ಎಪಿಎಂಸಿ ಯಾರ್ಡಿಗೆ ಅದಿನ್ನೂ ತಲುಪಿಲ್ಲ.

ಇಷ್ಟು ಓದಿದವರಿಗೆ, ಇವನು ಇನ್ನು ಅಮೆರಿಕವನ್ನು ಹೊಗಳಲು ಶುರು ಮಾಡುತ್ತಾನೆ ಅನ್ನಿಸಬಹುದು. ತಡೆಯಿರಿ. ಆ ಕಡೆಯ ಹೊಟ್ಟೆಯೊಳಗಿನ ಕತೆ ನನಗೆ ಗೊತ್ತು.

ಅಲ್ಲಿ ಸಮಾನತೆಯ ಕಾನೂನು ಮೊದಲು ಬಂದದ್ದು 1996ರಲ್ಲಿ, ಅರೆಬರೆಯಾಗಿ. ಗಟ್ಟಿಯಾದದ್ದು 2008ರಲ್ಲಿ. ಅದಕ್ಕೆ ಹೆಗಲು ಕೊಟ್ಟವರು ಪಾಲ್ ವೆಲ್‌ಸ್ಟನ್ ಮತ್ತು ಪೀಟ್ ಡೊಮೆನಿಚಿ ಎಂಬ ಇಬ್ಬರು ಸೆನೆಟರುಗಳು, ಎದುರುಬದುರು ಪಕ್ಷದವರು. ಒಬ್ಬರ ಅಣ್ಣನಿಗೆ, ಇನ್ನೊಬ್ಬರ ಮಗಳಿಗೆ ತೀವ್ರ ಮಾನಸಿಕ ಕಾಯಿಲೆ. ಮನೆಯಲ್ಲಿ ಕಂಡ ನೋವೇ ಇಬ್ಬರನ್ನೂ ಒಂದು ಮಾಡಿತು. ವೆಲ್‌ಸ್ಟನ್ 2002ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕಾನೂನು ಪಾಸಾದದ್ದು ಆರು ವರ್ಷದ ಮೇಲೆ, ಅದೂ ಮುಳುಗುತ್ತಿದ್ದ ಬ್ಯಾಂಕುಗಳಿಗೆ ದುಡ್ಡು ಸುರಿಯುವ ಮಸೂದೆಯ ಬಾಲಕ್ಕೆ ಕಟ್ಟಿಸಿಕೊಂಡು. ಅದಕ್ಕಿಂತ ಮುಂಚೆ ವರ್ಷಕ್ಕೆ ಇಪ್ಪತ್ತೇ ಭೇಟಿ ಎಂಬಂಥ ಮಿತಿಗಳಿದ್ದವು. ಆ ಮಿತಿಗಳನ್ನು ಕಾನೂನು ಕಿತ್ತಿತು. 2010ರ ಆರೋಗ್ಯ ಕಾಯ್ದೆ ಬಂದ ಮೇಲಂತೂ ಜನ ತಾವೇ ಕೊಳ್ಳುವ ಪಾಲಿಸಿಗಳಲ್ಲೂ ಮಾನಸಿಕ ಚಿಕಿತ್ಸೆ ಇರಲೇಬೇಕಾಯಿತು.

ಅಂದರೆ ಅಲ್ಲಿ ಕುರ್ಚಿಗೆ ದುಡ್ಡಿದೆ. ಆದರೆ ಕುರ್ಚಿಯ ಪಕ್ಕ ಗಡಿಯಾರವನ್ನೂ ಇಟ್ಟಿದ್ದಾರೆ. ಬಿಲ್ಲಿನಲ್ಲಿ ಬರೆಯುವ ಕೋಡು 90834 ಎಂದರೆ ನಲವತ್ತೈದು ನಿಮಿಷದ ಮಾತು, ಲೆಕ್ಕದಲ್ಲಿ 38ರಿಂದ 52 ನಿಮಿಷ. 90837 ಎಂದರೆ ಒಂದು ಗಂಟೆ, ಲೆಕ್ಕದಲ್ಲಿ 53 ನಿಮಿಷವಾದರೂ ಆಗಿರಬೇಕು. ನಮ್ಮ ಕ್ಲಿನಿಕ್ಕಿನಲ್ಲಿ ಇಪ್ಪತ್ತೈದು ವರ್ಷ ಅನುಭವದ ಒಬ್ಬ ಥೆರಪಿಸ್ಟ್ ಇದ್ದಾಳೆ. ಎದುರು ಕೂತವರು ಐವತ್ತನೆಯ ನಿಮಿಷಕ್ಕೆ ಬಿಕ್ಕಿದರೆ ಗಡಿಯಾರ ನೋಡುವ ಹೆಂಗಸಲ್ಲ. ಒಂದು ವಿಮಾ ಕಂಪನಿಯಿಂದ ಅವಳಿಗೊಂದು ಕಾಗದ ಬಂತು, ಬಹಳ ಮರ್ಯಾದೆಯ ಭಾಷೆಯಲ್ಲಿ: ನಿಮ್ಮ ಸಹೋದ್ಯೋಗಿಗಳಿಗೆ ಹೋಲಿಸಿದರೆ ನೀವು ಒಂದು ಗಂಟೆಯ ಕೋಡನ್ನು ಹೆಚ್ಚಾಗಿ ಬಳಸುತ್ತಿದ್ದೀರಿ. ಅಷ್ಟೇ. ಬೆದರಿಕೆ ಇಲ್ಲ, ದಂಡ ಇಲ್ಲ. ಆದರೆ ಮುಂದೆ ಆಡಿಟ್ ಬಂದು ಎರಡು ವರ್ಷದ ಹಿಂದಿನ ದುಡ್ಡನ್ನು ವಾಪಸು ಕೇಳಿದವರ ಕತೆಗಳು ಅವಳಿಗೂ ಗೊತ್ತು, ನನಗೂ ಗೊತ್ತು. ಆ ತಿಂಗಳಿಂದ ಅವಳು ಐವತ್ತಕ್ಕೆ ನಿಲ್ಲಿಸತೊಡಗಿದಳು. ಬಿಲ್ ಬರೆಯುವವನಾಗಿ ನಾನು ನಿಟ್ಟುಸಿರುಬಿಟ್ಟೆ. ಆಮೇಲೆ ನಾಚಿಕೆಯೂ ಆಯಿತು.

ಹೊಸ ಥೆರಪಿಸ್ಟ್ ಸೇರಿದರೆ ಅವಳನ್ನು ಪ್ರತಿ ಕಂಪನಿಯ ನೆಟ್‌ವರ್ಕಿಗೆ, ಅಂದರೆ ಕಂಪನಿ ಒಪ್ಪಿಕೊಂಡ ಚಿಕಿತ್ಸಕರ ಪಟ್ಟಿಗೆ, ಸೇರಿಸಬೇಕು. ಡಿಗ್ರಿ, ಲೈಸೆನ್ಸು, ಹಿಂದಿನ ಕೆಲಸದ ನಡುವೆ ಬಿಟ್ಟುಹೋದ ತಿಂಗಳುಗಳಿಗೆ ಸಮಜಾಯಿಷಿ, ಎಲ್ಲ ತುಂಬಿ ಕಳಿಸಿ ಮೂರು ನಾಲ್ಕು ತಿಂಗಳು ಕಾಯಬೇಕು. ನಮ್ಮ ಕಡೆ ಗಂಡು ನೋಡುವಾಗಲೂ ಇಷ್ಟು ವಿಚಾರಿಸುವುದಿಲ್ಲ. ಅಷ್ಟು ದಿನ ಅವಳ ಕುರ್ಚಿ ಇದ್ದರೂ ಇಲ್ಲದ ಹಾಗೆ. ಜೊತೆಗೆ, ರೋಗದ ಕೋಡಿಲ್ಲದೆ ಒಂದು ಡಾಲರೂ ಹುಟ್ಟುವುದಿಲ್ಲ. ಗಂಡ ಸತ್ತು ಮೂರು ವಾರವಾದ ಹೆಂಗಸು ಬಂದು ಅತ್ತರೂ ಎಫ್ 43 ಎಂದೋ ಎಫ್ 32 ಎಂದೋ ಹಣೆಗೆ ಚೀಟಿ ಅಂಟಿಸಿದ ಮೇಲೇ ಬಿಲ್. ಇದೆಲ್ಲ ಬೇಸರವಾಗಿ, ಕಂಪನಿಗಳು ಕೊಡುವ ದರವೂ ಸಾಲದೆ, ಎಷ್ಟೋ ಒಳ್ಳೆಯ ಥೆರಪಿಸ್ಟರು ವಿಮೆಯ ಸಹವಾಸವೇ ಬೇಡವೆಂದು ನಗದು ತೆಗೆದುಕೊಳ್ಳುತ್ತಾರೆ. ಅವರ ಹೆಸರು ಮಾತ್ರ ಕಂಪನಿಯ ಪಟ್ಟಿಯಲ್ಲಿ ಉಳಿದಿರುತ್ತದೆ. ರೋಗಿ ಇಪ್ಪತ್ತು ನಂಬರಿಗೆ ಫೋನ್ ಮಾಡಿದರೆ ಒಬ್ಬರು ನಿವೃತ್ತಿ, ಒಬ್ಬರು ಬೇರೆ ಊರು, ಒಬ್ಬರು ಹೊಸಬರನ್ನು ತೆಗೆದುಕೊಳ್ಳುವುದಿಲ್ಲ. ಇಂಥ ಪಟ್ಟಿಗೆ ಅಲ್ಲಿ ಘೋಸ್ಟ್ ನೆಟ್‌ವರ್ಕ್ ಅನ್ನುತ್ತಾರೆ, ದೆವ್ವದ ಜಾಲ. ಮೊದಲ ಸಲ ಆ ಹೆಸರು ಕೇಳಿದಾಗ, ಹಾಗಾದರೆ ಇದನ್ನು ಉಕ್ಕಡಗಾತ್ರಿಗೇ ಕಳಿಸಬೇಕು ಅಂದುಕೊಂಡು ಒಬ್ಬನೇ ನಕ್ಕಿದ್ದೆ. ಪಕ್ಕದವರಿಗೆ ವಿವರಿಸಲು ಹೋಗಲಿಲ್ಲ.

ಇಷ್ಟೆಲ್ಲ ಬೈದ ಮೇಲೂ, ಅಲ್ಲಿಂದ ಗಂಟು ಕಟ್ಟಿ ಊರಿಗೆ ತರಬೇಕೆನ್ನಿಸುವ ಕೆಲವು ಸಂಗತಿಗಳಿವೆ. ಮೊದಲನೆಯದು ಏಳು ದಿನದ ಲೆಕ್ಕ. ಮಾನಸಿಕ ಕಾಯಿಲೆಗೆ ಆಸ್ಪತ್ರೆಯಲ್ಲಿದ್ದು ಬಿಡುಗಡೆಯಾದವರು ಏಳು ದಿನದೊಳಗೆ, ಅದಾಗದಿದ್ದರೆ ಮೂವತ್ತು ದಿನದೊಳಗೆ, ಚಿಕಿತ್ಸಕರೊಬ್ಬರನ್ನು ಕಂಡರೋ ಇಲ್ಲವೋ ಎಂಬುದರ ಮೇಲೆ ಅಲ್ಲಿ ವಿಮಾ ಯೋಜನೆಗಳಿಗೇ ಅಂಕ ಹಾಕುತ್ತಾರೆ. ಅಂಕ ಹೋದರೆ ಹೆಸರು ಹೋಗುತ್ತದೆ. ಹಾಗಾಗಿ ಕಂಪನಿಯ ಕೇಸ್ ಮ್ಯಾನೇಜರ್, ಹೆಚ್ಚಿನ ಸಲ ಒಬ್ಬ ನರ್ಸ್ ಅಥವಾ ಸೋಶಿಯಲ್ ವರ್ಕರ್, ನಮಗೆ ತಾನೇ ಫೋನ್ ಮಾಡಿ ಕಾಡುತ್ತಾಳೆ: "ಗುರುವಾರ ಬಿಡುಗಡೆ, ಸೋಮವಾರ ಒಂದು ಜಾಗ ಕೊಡಿ, ಕಾರಿಲ್ಲ ಅಂತಾರೆ, ಟ್ಯಾಕ್ಸಿ ನಾವು ನೋಡಿಕೊಳ್ತೇವೆ." ಬರಲಿಲ್ಲವಾದರೆ ಮಂಗಳವಾರ ಅವಳೇ ರೋಗಿಯ ಮನೆಗೆ ಫೋನ್ ಹಚ್ಚುತ್ತಾಳೆ. ನನ್ನ ಕಣ್ಣಿಗೆ ವಿಮಾ ಕಂಪನಿಯೊಂದು ಚಿಕಿತ್ಸಕರ ಪಕ್ಕದಲ್ಲಿ ನಿಂತ ಹಾಗೆ ಕಾಣುವುದು ಆ ಒಂದು ಗಳಿಗೆಯಲ್ಲಿ. ಅವಳು ಒಳ್ಳೆಯವಳು ಎಂಬುದಕ್ಕಿಂತ, ಒಳ್ಳೆಯವಳಾಗದೆ ಅವಳಿಗೆ ಗತಿಯಿಲ್ಲದಂತೆ ಲೆಕ್ಕವನ್ನು ಕಟ್ಟಿದ್ದಾರೆ.

ಎರಡನೆಯದು ಇದಕ್ಕಿಂತ ಜಾಣತನದ್ದು. ಕೊಲ್ಯಾಬರೇಟಿವ್ ಕೇರ್ ಅನ್ನುತ್ತಾರೆ, ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಪದ್ಧತಿ. ರೋಗಿ ತನ್ನ ಮಾಮೂಲಿ ಡಾಕ್ಟರ ಹತ್ತಿರವೇ ಇರುತ್ತಾನೆ. ಅಲ್ಲೊಬ್ಬ ಕೇರ್ ಮ್ಯಾನೇಜರ್ ಅವನಿಗೆ ಫೋನ್ ಮಾಡುತ್ತ, ಒಂಬತ್ತು ಪ್ರಶ್ನೆಯ ಪಿಎಚ್‌ಕ್ಯೂ-9 ಪಟ್ಟಿಯಲ್ಲಿ ಖಿನ್ನತೆಯ ಅಂಕ ಏರಿತೋ ಇಳಿಯಿತೋ ಬರೆದಿಡುತ್ತಾಳೆ. ಮನೋವೈದ್ಯರು ರೋಗಿಯ ಮುಖವನ್ನೇ ನೋಡದೆ ವಾರಕ್ಕೊಮ್ಮೆ ಆ ಪಟ್ಟಿ ನೋಡಿ, ಇವರಿಗೆ ಮಾತ್ರೆ ಏರಿಸಿ, ಇವರನ್ನು ನನ್ನ ಹತ್ತಿರ ಕಳಿಸಿ ಎನ್ನುತ್ತಾರೆ. ಮುಖ್ಯ ಮಾತೆಂದರೆ, ಈ ಮೂವರ ಕೂಟದ ಕೆಲಸಕ್ಕೆ, ಫೋನಿನಲ್ಲಿ ಕಳೆದ ನಿಮಿಷಗಳಿಗೂ ಸೇರಿಸಿ, ತಿಂಗಳ ಲೆಕ್ಕದಲ್ಲಿ ದುಡ್ಡಿದೆ. ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ 2017ರಿಂದ ಕೊಡುತ್ತಿದೆ, ಖಾಸಗಿಯವರೂ ಹಿಂದೆ ಬಂದರು. ನಾನಿರುವ ಮ್ಯಾಸಚೂಸೆಟ್ಸ್ ರಾಜ್ಯದಲ್ಲಂತೂ ಮಕ್ಕಳ ಡಾಕ್ಟರುಗಳು ಫೋನ್ ಎತ್ತಿ ಮಕ್ಕಳ ಮನೋವೈದ್ಯರ ಜೊತೆ ಮಾತಾಡುವ ಏರ್ಪಾಡು 2004ರಿಂದ ನಡೆಯುತ್ತಿದೆ, ಮಗುವಿನ ವಿಮೆ ಯಾವುದೆಂದು ಯಾರೂ ಕೇಳುವುದಿಲ್ಲ.

ಚನ್ನಗಿರಿಯಲ್ಲೋ ಹೊನ್ನಾಳಿಯಲ್ಲೋ ಕೂತ ಎಂಬಿಬಿಎಸ್ ಡಾಕ್ಟರನ್ನು ನೆನೆದರೆ ಇದು ಎಷ್ಟು ಸರಿಯಾಗಿ ಹೊಂದುತ್ತದೆ! ಮನೋವೈದ್ಯರು ಎಲ್ಲ ಕಡೆ ಇಲ್ಲ, ಆದರೆ ಆ ಡಾಕ್ಟರಿದ್ದಾರೆ, ಫೋನಿದೆ. ಈ ಯೋಚನೆ ನಮ್ಮ ಸೀಮೆಗೆ ಹೊಸದೂ ಅಲ್ಲ. ಹತ್ತಿರದ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೂ ಆರೋಗ್ಯ ಕಾರ್ಯಕರ್ತರಿಗೂ ಕಲಿಸಿ ಮಾಡಿ ತೋರಿಸಿದ್ದನ್ನೇ ನೋಡಿ 1996ರಲ್ಲಿ ಕೆಲವೇ ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಗಿ ಆಮೇಲೆ ದೇಶದಲ್ಲೆಲ್ಲ ಹರಡಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕು, 2022ರಿಂದ 14416 ನಂಬರಿನ ಸಹಾಯವಾಣಿ ಟೆಲಿ ಮಾನಸ್, ಇವೂ ಇವೆ. ಇಲ್ಲಿ ಸರ್ಕಾರ ನಿಮಿಷ ಎಣಿಸದೆ ಸಂಬಳ ಕೊಡುತ್ತದೆ, ಮಾತ್ರೆ ಪುಕ್ಕಟೆ. ಅಮೆರಿಕದಲ್ಲಿ ಕೂತು ಇದನ್ನು ಹೇಳಿದರೆ ನನ್ನ ಸಹೋದ್ಯೋಗಿಗಳು ಕಣ್ಣರಳಿಸುತ್ತಾರೆ. ಕೊರತೆ ಇರುವುದು ಕೈಗಳಲ್ಲಿ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೊಡ್ಡವರಲ್ಲಿ ನೂರಕ್ಕೆ 10.6 ಜನರಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿದೆ, ಚಿಕಿತ್ಸೆ ಸಿಗದವರ ಪ್ರಮಾಣ ಕಾಯಿಲೆಗೆ ತಕ್ಕಂತೆ ಶೇಕಡ 70ರಿಂದ 92. ಇಷ್ಟು ಜನಕ್ಕೆ ಮಂಗಳವಾರವೊಂದು ಸಾಲುವುದಿಲ್ಲ. ಇನ್ನು ಆಯುಷ್ಮಾನ್ ಕಾರ್ಡಿನ ಐದು ಲಕ್ಷ? ಅದರಲ್ಲಿ ಮಾನಸಿಕ ಕಾಯಿಲೆಯ ಪ್ಯಾಕೇಜುಗಳಿವೆ, ಆದರೆ ಅದೂ ಮಂಚದ ಲೆಕ್ಕವೇ.

ರಜೆ ಮುಗಿಯುವ ಮುಂಚೆ ಭಾವನ ಜೊತೆ ಆ ಮೇಡಂ ಹತ್ತಿರ ಹೋಗಿದ್ದೆ. ಭಾವ ಒಳಗಿದ್ದಾಗ ಹೊರಗೆ ಕೂತು ಅವರ ಬೋರ್ಡು ಓದಿದೆ: ಎಂಫಿಲ್, ಕ್ಲಿನಿಕಲ್ ಸೈಕಾಲಜಿ, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ. ಅಮೆರಿಕದಲ್ಲಿ ಅಲ್ಲಿನ ಇಂಥದೊಂದು ನಂಬರಿದ್ದು, ನೆಟ್‌ವರ್ಕಿಗೂ ಸೇರಿದ್ದರೆ ನಾನು ಬಿಲ್ ಮಾಡಬಲ್ಲೆ. ಇಲ್ಲಿ ವಿಮೆಯ ಕಣ್ಣಿಗೆ ಅವರು ಇಲ್ಲವೇ ಇಲ್ಲ. ಸೆಷನ್ ಮುಗಿದ ಮೇಲೆ ಐದು ನಿಮಿಷ ಮಾತಿಗೆ ಸಿಕ್ಕರು. ಬೆಳಗ್ಗೆ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾರಂತೆ, ಕೋಣೆಯ ಬಾಡಿಗೆ ಅದರಲ್ಲಿ. ಸಂಜೆ ಬರುವವರಲ್ಲಿ ಮೂರರಲ್ಲೊಬ್ಬರು ಅರ್ಧ ಫೀಸಿನವರು ಅಥವಾ ಫೀಸಿಲ್ಲದವರು. ನಾನು ಉತ್ಸಾಹದಿಂದ ನಮ್ಮ ಕೋಡು, ನಮ್ಮ ನೆಟ್‌ವರ್ಕು, ಫೋನ್ ಮಾಡಿ ಕಾಡುವ ಕೇಸ್ ಮ್ಯಾನೇಜರ್ ಎಂದೆಲ್ಲ ಹೇಳಿದೆ. ತಾಳ್ಮೆಯಿಂದ ಕೇಳಿಸಿಕೊಂಡು, ಅವರ ಕಸುಬೇ ಅದಲ್ಲವೇ, ನಕ್ಕರು.

"ನಿಮ್ಮ ಕಾಗದ ನಂಗ್ ಬ್ಯಾಡ ಸಾರ್. ಅಷ್ಟು ಬರೀತಾ ಕೂತ್ರೆ ಯಾರ ಮಾತು ಕೇಳ್ಲಿ? ಆ ಫೋನ್ ಮಾಡೋ ಹುಡುಗಿ ಇದ್ದಾಳಲ್ಲ, ಅವಳನ್ನ ಕೊಡಿ. ನನ್ ಹತ್ರ ಮೂರು ವಾರ ಬಂದು ನಾಲ್ಕನೇ ವಾರ ಬರದೆ ಹೋದೋರು ಎಷ್ಟು ಜನ ಗೊತ್ತಾ? ಯಾಕ್ ಬರ್ಲಿಲ್ಲ ಅಂತ ಕೇಳೋರಿಲ್ಲ. ನಾನೇ ಫೋನ್ ಮಾಡಿದ್ರೆ ದುಡ್ಡಿಗೆ ಮಾಡ್ತಾಳೆ ಅನ್ಕೊಂತಾರೆ."

ಈ ಕೊನೆಯ ಮಾತು ನನಗೆ ಹೊಳೆದೇ ಇರಲಿಲ್ಲ. ಫೀಸು ರೋಗಿಯ ಜೇಬಿನಿಂದಲೇ ಬರುವ ಕಡೆ ಕಾಳಜಿಯೂ ವ್ಯಾಪಾರದ ಹಾಗೆ ಕಾಣುತ್ತದೆ. ನಡುವೆ ಮೂರನೆಯವರೊಬ್ಬರು ದುಡ್ಡು ಕೊಡುವಂತಿದ್ದರೆ ಮೇಡಂ ಸಂಕೋಚವಿಲ್ಲದೆ ಫೋನ್ ಮಾಡಬಹುದಿತ್ತು. ವಿಮೆಯಿಂದ ಚಿಕಿತ್ಸಕರಿಗೆ ಸಿಗಬಹುದಾದ ದೊಡ್ಡ ಬೆಂಬಲ ಇದೇ ಇರಬೇಕು, ದರಪಟ್ಟಿಯಲ್ಲಿ ಎಲ್ಲೂ ಬರೆಯದ್ದು.

ಬರುವಾಗ ಕಾರಿನಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ ಮಾತು ನೆನಪಾಯಿತು, "ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ." ಚಿತ್ರದುರ್ಗ ಸೀಮೆಯಲ್ಲಿ ಕೆರೆ ಕಟ್ಟಿಸಿದ ಸ್ವಾಮಿಗಳು, ಮಣ್ಣು ಹೊತ್ತವರಿಗೆ ಹೊತ್ತಷ್ಟೇ ಕೂಲಿ ಸಿಗುತ್ತಿತ್ತೆಂದು ಕತೆ ಹೇಳುತ್ತಾರೆ. ಅಮೆರಿಕದವರು ಮಾಡಿದಷ್ಟು ನೀಡುತ್ತಾರೆ, ಆದರೆ ಮಾಡಿದೆ ಎಂದು ಸಾಬೀತು ಮಾಡುವುದರಲ್ಲೇ ಅರ್ಧ ದಿನ ಹೋಗುತ್ತದೆ. ನಮ್ಮಲ್ಲಿ ಸಾಬೀತಿನ ಕಾಟವಿಲ್ಲ, ನೀಡುವವರೂ ಇಲ್ಲ.

ನನ್ನನ್ನು ಕೇಳಿದರೆ ಇಲ್ಲಿ ನಿಮಿಷದ ಕೋಡು ಬೇಡವೇ ಬೇಡ. ಪ್ಯಾಕೇಜ್ ದರ ನಮ್ಮವರಿಗೆ ಗೊತ್ತಿರುವ ಪದ್ಧತಿ, ಪೊರೆಗಿಷ್ಟು ಹೆರಿಗೆಗಿಷ್ಟು ಎಂದು ಆಯುಷ್ಮಾನ್‌ನಲ್ಲೇ ಇದೆ. ಹಾಗೇ ಹತ್ತು ಕುರ್ಚಿಗೆ, ಅಂದರೆ ಹತ್ತು ಭೇಟಿಗೆ, ಇಷ್ಟು ಎಂದು ಒಂದು ಪ್ಯಾಕೇಜು ಮಾಡಲಿ. ಮನೋವೈದ್ಯರ ಚೀಟಿ ಇದ್ದರೆ ಸಾಕು, ನೋಂದಣಿಯಿರುವ ಸೈಕಾಲಜಿಸ್ಟರಿಗೋ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರಿಗೋ ನೇರ ಸಂದಾಯವಾಗಲಿ. 2017ರ ಅದೇ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇಂಥವರನ್ನು ವೃತ್ತಿಯವರೆಂದು ಒಪ್ಪಿದೆ, ವಿಮೆಯೂ ಒಪ್ಪಲು ಅಡ್ಡಿಯೇನು? ಕಂಪನಿಗಳು ಇದರಿಂದ ಮುಳುಗುತ್ತವೆ ಎಂಬ ವಾದ ಕೇಳಿದ್ದೇನೆ. ಎರಡು ದಿನ ಸುಮ್ಮನೆ ಮಲಗಿಸಿ ಮಾಡುವ ಬಿಲ್ಲಿನಲ್ಲಿ ಇಂಥ ಎಷ್ಟು ಪ್ಯಾಕೇಜುಗಳು ಅಡಗಿವೆ ಎಂದು ಅವರೇ ಲೆಕ್ಕ ಹಾಕಲಿ, ಲೆಕ್ಕದಲ್ಲಿ ಅವರು ನನಗಿಂತ ಗಟ್ಟಿ.

ಕಾಗದದ ಭಯಕ್ಕೆ ಮಾತ್ರ ನನ್ನ ಹತ್ತಿರ ಸುಲಭದ ಉತ್ತರವಿಲ್ಲ. ವಿಮೆ ಎಂದ ಮೇಲೆ ಹೆಸರು ಬರೆಯಬೇಕು, ಕಾಯಿಲೆ ಬರೆಯಬೇಕು. ವೂಸ್ಟರಿನಲ್ಲಿ ಜನ ಆಫೀಸಿನಲ್ಲೇ "ನನಗೆ ಮೂರು ಗಂಟೆಗೆ ಥೆರಪಿ ಇದೆ" ಎಂದು ಹೇಳಿ ಎದ್ದು ಹೋಗುವುದನ್ನು ಕೇಳಿ ಮೊದಮೊದಲು ನನಗೇ ಮುಜುಗರವಾಗುತ್ತಿತ್ತು. ದಾವಣಗೆರೆಯಲ್ಲಿ ಭಾವ ಗಾಡಿಯನ್ನು ಎರಡು ರಸ್ತೆ ಆಚೆ ನಿಲ್ಲಿಸಿ ನಡೆದು ಬರುತ್ತಿದ್ದರು. ಕ್ಲೇಮ್ ಹಾಕಿದ್ದರೆ ಪಾಲಿಸಿಯ ದಾಖಲೆಯಲ್ಲಿ ಉಳಿಯುತ್ತಿತ್ತಲ್ಲ, ಬರದೇ ಇದ್ದದ್ದೇ ಒಳ್ಳೆಯದಾಯಿತು ಅಂತಲೂ ಒಂದು ಸಲ ಅಂದರು. ವಿಮೆ ಕೊಡುತ್ತೇವೆಂದರೂ ಬೇಡ ಎನ್ನುವವರ ಸಂಖ್ಯೆ ನಮ್ಮಲ್ಲಿ ಸಣ್ಣದಿರಲಾರದು.

ಹೋದ ವಾರ ಅಕ್ಕ ವಾಟ್ಸಾಪಿನಲ್ಲಿ ರಸೀದಿಗಳ ಫೋಟೊ ಕಳಿಸಿದ್ದಳು. "ಇವನ್ನ ಏನ್ ಮಾಡ್ಲಿ? ಕ್ಲೇಮಂತೂ ಆಗಲ್ಲ, ಎಸೀಲಾ?" ಒಟ್ಟು ಹದಿನಾಲ್ಕು. ಬಿಲ್ ಬರೆಯುವವನ ಚಟ, ಒಂದೊಂದನ್ನೂ ದೊಡ್ಡದು ಮಾಡಿ ನೋಡಿದೆ. ಮೊದಲ ಒಂಬತ್ತರಲ್ಲಿ ಹೆಸರಿನ ಜಾಗ ಖಾಲಿ, ಮೊತ್ತ ಮಾತ್ರ ಇದೆ. ಹೆಸರು ಬರೀಬೇಡಿ ಅಂತ ಭಾವನೇ ಹೇಳಿರಬೇಕು. ಹತ್ತನೆಯದರಿಂದ ಇನಿಶಿಯಲ್ಲು, ಅಪ್ಪನ ಹೆಸರು, ಊರು ಸಮೇತ ಭಾವನ ಪೂರ್ತಿ ಹೆಸರಿದೆ.

ಎಸೀಬೇಡ, ಇಟ್ಟಿರು ಅಂದೆ. ಭಾವ ಎಲ್ಲಿ ಅಂತ ಕೇಳಿದ್ದಕ್ಕೆ ಅಂಗಡಿಗೆ ಹೋಗ್ಯಾರೆ, ಮಧ್ಯಾಹ್ನಕ್ಕೆ ಬರ್ತಾರೆ ಅಂದಳು.